ಎಂಜಿನ್‌ಗೆ ಬೇರೆ ಬಣ್ಣ, ಸೈಲೆನ್ಸರ್‌ಗೆ ಬೇರೆ ಬಣ್ಣ

ಬೈಕಿನ ಸೈಲೆನ್ಸರ್‌ಗೆ ಬಣ್ಣ ತರಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಡಿಗ್ರಿ ತಡೆಯುತ್ತೆ?’ ಡಬ್ಬಿಯ ಮೇಲಿನ ಅಂಕಿ ದೊಡ್ಡದಿದ್ದಷ್ಟೂ ಬಣ್ಣ ಒಳ್ಳೆಯದು ಅನ್ನುವ ನಂಬಿಕೆ. ಹಾಗಾಗಿ 650 ಡಿಗ್ರಿಯ ಡಬ್ಬಿ ತಂದು ಎಂಜಿನ್‌ನಿಂದ ಹೊಗೆ ಹೊರತರುವ ಬೆಂಡ್ ಪೈಪಿಗೂ ಹೊಡೆಯುತ್ತಾರೆ, ಎಂಜಿನ್‌ನ ತಲೆಯಾದ ಹೆಡ್ಡಿಗೂ ಹೊಡೆಯುತ್ತಾರೆ, ಉಳಿದದ್ದನ್ನು ಕ್ಲಚ್ ಕವರಿಗೂ ಹೊಡೆಯುತ್ತಾರೆ. ಪೈಪಿನ ಮೇಲೆ ಅದು ನಿಲ್ಲುತ್ತದೆ. ಎಂಜಿನ್ ಮೇಲೆ ಮಾತ್ರ, ಕಾರ್ಬ್ಯುರೇಟರ್‌ನಿಂದ ನಾಲ್ಕು ಹನಿ ಪೆಟ್ರೋಲ್ ಬಿದ್ದ ದಿನ ಬಣ್ಣ ಬಟ್ಟೆಗೆ ಅಂಟಿಕೊಂಡು ಬಂದುಬಿಡುತ್ತದೆ. ನಕಲಿ ಮಾಲು ಅಂತ ಅಂಗಡಿಯವರನ್ನು ಬೈಯುತ್ತಾರೆ. ಮಾಲು ಅಸಲಿಯೇ ಇರಬಹುದು. ಅದು ಬೆಂದಿಲ್ಲ, ಅಷ್ಟೆ.

ಹೆಚ್ಚು ಬಿಸಿಗೆಂದು ಮಾಡಿದ ಬಣ್ಣ ಬಿಸಿಯನ್ನು ಬರೀ ತಡೆಯುವುದಿಲ್ಲ. ಗಟ್ಟಿಯಾಗಲು ಅದಕ್ಕೇ ಬಿಸಿ ಬೇಕು. ಆ ಬಿಸಿ ಸಿಗದ ಜಾಗದಲ್ಲಿ ಬಳಿದರೆ ಅದು ಕೊನೆಯವರೆಗೂ ಅರೆಬೆಂದ ಪದರವಾಗಿಯೇ ಉಳಿಯುತ್ತದೆ. ಇದೊಂದು ವಿಷಯ ಗೊತ್ತಿದ್ದರೆ ಯಾವ ಭಾಗಕ್ಕೆ ಯಾವ ಡಬ್ಬಿ ಅನ್ನುವ ಗೊಂದಲ ಅರ್ಧ ಕಳೆದಂತೆ.

ಎಲ್ಲಿ ಎಷ್ಟು ಬಿಸಿ?

ಗಾಳಿಯಿಂದ ತಣಿಯುವ ಒಂದು ಮಾಮೂಲಿ ಬೈಕನ್ನೇ ತೆಗೆದುಕೊಳ್ಳೋಣ. ಸ್ಪ್ಲೆಂಡರ್ ಆಗಲಿ, ಬುಲೆಟ್ ಆಗಲಿ, ಹಳೆಯ ಆರ್‌ಎಕ್ಸ್ 100 ಆಗಲಿ, ಲೆಕ್ಕ ಹೆಚ್ಚುಕಡಿಮೆ ಒಂದೇ. ಕೆಳಗಿನ ಕ್ರ್ಯಾಂಕ್‌ಕೇಸ್, ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಇವೆಲ್ಲ ಎಂಜಿನ್ ಆಯಿಲ್‌ನಷ್ಟೇ ಬಿಸಿ. ಸುಮಾರು 80ರಿಂದ 120 ಡಿಗ್ರಿ ಸೆಲ್ಸಿಯಸ್. ಸಿಲಿಂಡರ್ ಮತ್ತು ಹೆಡ್ಡಿನ ಹೊರಮೈ 120ರಿಂದ 200ರವರೆಗೆ ಹೋಗಬಹುದು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ, ಘಾಟಿ ಹತ್ತುವಾಗ ಇನ್ನೂ ಸ್ವಲ್ಪ ಜಾಸ್ತಿ. ಹೆಡ್ಡಿನಿಂದ ಹೊರಗೆ ಬರುವ ಬೆಂಡ್ ಪೈಪಿನ ಮೊದಲ ಒಂದು ಗೇಣು ಮಾತ್ರ ಬೇರೆಯದೇ ಲೋಕ. ಅಲ್ಲಿ 400ರಿಂದ 600 ಡಿಗ್ರಿ. ಪೈಪಿನೊಳಗೆ ಹರಿಯುವ ಹೊಗೆ ಅದಕ್ಕಿಂತಲೂ ಬಿಸಿ. ಅಲ್ಲಿಂದ ಹಿಂದೆ ಹೋದಂತೆ ಬಿಸಿ ಇಳಿಯುತ್ತಾ, ಸೈಲೆನ್ಸರ್‌ನ ಬಾಲದ ಕಡೆ 150ರಿಂದ 300ರ ಆಸುಪಾಸಿಗೆ ಬರುತ್ತದೆ.

ಬಿಎಸ್6, ಅಂದರೆ ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮದ ಬೈಕುಗಳಲ್ಲಿ ಒಂದು ವಿಷಯ ಸೇರಿಕೊಂಡಿದೆ. 2020ರ ಏಪ್ರಿಲ್ 1ರಿಂದ ಈ ನಿಯಮ ಬಂದ ಮೇಲೆ ಪೈಪಿನೊಳಗೆ ಹೊಗೆಯನ್ನು ಶುದ್ಧ ಮಾಡುವ ದೊಡ್ಡ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಉಳಿದ ಇಂಧನವನ್ನು ಅದು ಅಲ್ಲೇ ಸುಡುವುದರಿಂದ, ಪೈಪಿನ ನಡುವೆ ಅದು ಕೂತ ಜಾಗ ಹಿಂದುಮುಂದಿನ ಭಾಗಕ್ಕಿಂತ ಬಿಸಿಯಾಗಬಹುದು. ಬಾಗಿದ ಮುಂಭಾಗಕ್ಕೆ ಒಂದು ಬಣ್ಣ, ಹಿಂದಿನ ಉಬ್ಬಿದ ಭಾಗಕ್ಕೆ ಕಡಿಮೆ ದರ್ಜೆಯದ್ದು ಸಾಕು ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಿಮ್ಮ ಬೈಕಿನಲ್ಲಿ ನಿಜವಾಗಿ ಎಷ್ಟಿದೆ ಎಂದು ತಿಳಿಯಬೇಕಾದರೆ ಗನ್ ಥರ್ಮಾಮೀಟರ್ ಹಿಡಿದು ನೋಡಬಹುದು. ಆದರೆ ಹೊಳೆಯುವ ಕ್ರೋಮ್ ಅಥವಾ ಪಾಲಿಶ್ ಮಾಡಿದ ಅಲ್ಯುಮಿನಿಯಂ ಮೇಲೆ ಅದು ಪೂರಾ ತಪ್ಪು ತೋರಿಸುತ್ತದೆ. ಅದು ಅಳೆಯುವುದು ಬಿಸಿ ಮೈ ಹೊರಹಾಕುವ, ಕಣ್ಣಿಗೆ ಕಾಣದ ಬೆಳಕನ್ನು. ಹೊಳೆಯುವ ಮೈ ಅದನ್ನು ಹೊರಹಾಕುವುದು ಬಹಳ ಕಡಿಮೆ. 400 ಡಿಗ್ರಿ ಇರುವ ಕಡೆ 150 ಅಂತಲೂ ತೋರಿಸೀತು. ಒಂದು ರೂಪಾಯಿ ನಾಣ್ಯದಗಲ ಕಪ್ಪು ಸೈಲೆನ್ಸರ್ ಪೇಂಟ್ ಹಚ್ಚಿ, ಅದು ಒಣಗಿದ ಮೇಲೆ ಅಲ್ಲಿಗೇ ಗುರಿಯಿಟ್ಟು ಅಳೆಯಿರಿ.

ಮಾಮೂಲಿ ಬಣ್ಣ ಯಾಕೆ ನಿಲ್ಲುವುದಿಲ್ಲ?

ಯಾವುದೇ ಬಣ್ಣದಲ್ಲಿ ಮುಖ್ಯವಾಗಿ ಮೂರು ವಸ್ತು. ಬಣ್ಣ ಕೊಡುವ ಪುಡಿ, ಪುಡಿಯನ್ನು ಲೋಹಕ್ಕೆ ಹಿಡಿದಿಡುವ ಅಂಟು, ಎರಡನ್ನೂ ತೆಳ್ಳಗೆ ಮಾಡುವ ತಿನ್ನರ್. ತಿನ್ನರ್ ಗಾಳಿಗೆ ಹಾರಿಹೋಗುತ್ತದೆ. ಉಳಿಯುವುದು ಅಂಟು ಮತ್ತು ಪುಡಿ. ಗೇಟಿಗೆ, ಕಿಟಕಿಗೆ ಬಳಿಯುವ ಎನಾಮಲ್‌ನಲ್ಲಿ ಈ ಅಂಟು ಎಣ್ಣೆಯಿಂದ ತಯಾರಾದದ್ದು. ಅದರ ಬೆನ್ನೆಲುಬು ಇಂಗಾಲದ ಸರಪಳಿ. ಬಿಸಿ ಮತ್ತು ಗಾಳಿ ಎರಡೂ ಸಿಕ್ಕರೆ ಇಂಗಾಲ ಏನು ಮಾಡುತ್ತದೋ ಇದೂ ಅದನ್ನೇ ಮಾಡುತ್ತದೆ: ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದು, ಆಮೇಲೆ ಸುಟ್ಟು ಬೂದಿ. 150 ಡಿಗ್ರಿ ದಾಟಿದರೆ ಇದರ ಆಯುಸ್ಸು ಮುಗಿದಂತೆಯೇ. ಟ್ಯಾಂಕಿಗೆ ಬಳಿಯುವ ಪಿಯು (ಪಾಲಿಯುರೆಥೇನ್) ಬಣ್ಣವೂ, ಅಂಟಿನಲ್ಲಿ ಗಟ್ಟಿಗ ಅನ್ನಿಸಿಕೊಂಡ ಎಪಾಕ್ಸಿಯೂ ಇದಕ್ಕಿಂತ ಬಹಳ ಮುಂದೆ ಹೋಗುವುದಿಲ್ಲ.

ಸೈಲೆನ್ಸರ್ ಪೇಂಟಿನ ಅಂಟು ಸಿಲಿಕೋನ್ ರೆಸಿನ್. ಅದರ ಬೆನ್ನೆಲುಬಿನಲ್ಲಿ ಇಂಗಾಲ ಇಲ್ಲ. ಸಿಲಿಕಾನ್ ಮತ್ತು ಆಮ್ಲಜನಕ ಒಂದಾದ ಮೇಲೊಂದು ಕೈಹಿಡಿದು ನಿಂತಿರುತ್ತವೆ. ಮರಳು, ಗಾಜಿನಲ್ಲಿರುವುದೂ ಇದೇ ಜೋಡಿ. ಇಂಗಾಲ–ಇಂಗಾಲದ ಬಂಧ ಮುರಿಯಲು ಒಂದು ಮೋಲ್‌ಗೆ (ರಸಾಯನಶಾಸ್ತ್ರದ ಎಣಿಕೆಯ ಅಳತೆ) ಸುಮಾರು 350 ಕಿಲೋಜೂಲ್ ಶಕ್ತಿ ಸಾಕು. ಸಿಲಿಕಾನ್–ಆಮ್ಲಜನಕದ ಬಂಧಕ್ಕೆ ಸುಮಾರು 450 ಬೇಕು. ಅದೂ ಅಲ್ಲದೆ ಸಿಲಿಕಾನ್ ಆಗಲೇ ಆಮ್ಲಜನಕದ ಜೊತೆ ಕೂಡಿಕೊಂಡಿದೆ. ಅಲ್ಲಿ ಹೊಸದಾಗಿ ಉರಿಯಲು ಹೆಚ್ಚೇನೂ ಉಳಿದಿಲ್ಲ.

ಆದರೆ ಈ ರೆಸಿನ್‌ಗೆ ಪಕ್ಕದಲ್ಲಿ ಸಣ್ಣ ಸಣ್ಣ ಇಂಗಾಲದ ಗುಂಪುಗಳು ತಗುಲಿಕೊಂಡಿರುತ್ತವೆ. ತಿನ್ನರ್‌ನಲ್ಲಿ ಕರಗಲು, ಬಳಿಯುವಾಗ ಮೆತ್ತಗಿರಲು ಅವು ಬೇಕು. ಸ್ಪ್ರೇ ಮಾಡಿ ಅರ್ಧ ಗಂಟೆಗೆ ಬಣ್ಣ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ. ಅಲ್ಲಿ ತಿನ್ನರ್ ಮಾತ್ರ ಹೋಗಿದೆ. ರೆಸಿನ್‌ನ ಎಳೆಗಳು ಇನ್ನೂ ಒಂದಕ್ಕೊಂದು ಬೆಸೆದುಕೊಂಡಿಲ್ಲ. ಅದು ಬೆಸೆಯುವುದು ಸುಮಾರು 200 ಡಿಗ್ರಿಯ ಬಿಸಿ ಸಿಕ್ಕಾಗ. ಇನ್ನೂ ಮೇಲೆ, 350 ಡಿಗ್ರಿ ದಾಟಿದ ಮೇಲೆ, ಪಕ್ಕದ ಇಂಗಾಲದ ಗುಂಪುಗಳೂ ಸುಟ್ಟುಹೋಗಿ, ಉಳಿದ ಸಿಲಿಕಾ ಮತ್ತು ಬಣ್ಣದ ಪುಡಿ ಸೇರಿ ಒಂದು ಗಡುಸು ಪದರವಾಗುತ್ತದೆ. ಕುಂಬಾರರ ಹಸಿ ಮಡಕೆಯೂ ಒಣಗಿದಾಗ ಮಡಕೆಯಂತೆಯೇ ಕಾಣುತ್ತದೆ, ನೀರು ಹಾಕಿದರೆ ಕರಗುತ್ತದೆ. ಆವಿಗೆಯಲ್ಲಿ ಬೆಂದ ಮೇಲೆ ಎಷ್ಟು ನೀರು ಹಾಕಿದರೂ ಏನೂ ಆಗದು. ಸಿಲಿಕೋನ್ ಬಣ್ಣದ ಕತೆ ಅದೇ.

ಈಗ ಎಂಜಿನ್ ಮೇಲಿನ ಪೆಟ್ರೋಲ್ ಹನಿಗೆ ಬನ್ನಿ. ಸಿಲಿಕೋನ್ ರೆಸಿನ್ ಅನ್ನು ಡಬ್ಬಿಯಲ್ಲಿ ಕರಗಿಸಿಡುವುದು ಹೆಚ್ಚಾಗಿ ಟಾಲ್ವಿನ್, ಝೈಲೀನ್‌ನಂಥ ದ್ರವಗಳಲ್ಲಿ. ಪೆಟ್ರೋಲಿನಲ್ಲೂ ಅದೇ ಜಾತಿಯ ದ್ರವಗಳಿವೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಕೂಡ ಇದೆ. ಅಂದರೆ ಬೇಯದ ಬಣ್ಣದ ಮೇಲೆ ಪೆಟ್ರೋಲ್ ಬಿದ್ದರೆ ತಿನ್ನರ್ ಬಿದ್ದ ಹಾಗೆಯೇ. ಕ್ಲಚ್ ಕವರ್ 120 ಡಿಗ್ರಿ ದಾಟುವುದೇ ಇಲ್ಲ ಅಂದಮೇಲೆ ಅಲ್ಲಿ ಬಣ್ಣ ಬೇಯುವುದಾದರೂ ಹೇಗೆ? ವರ್ಷಗಟ್ಟಲೆ ಓಡಿಸಿದರೂ ಹಸಿಯೇ. 650 ಡಿಗ್ರಿ ತಾಳುವ ಬಣ್ಣ 100 ಡಿಗ್ರಿಯ ಜಾಗದಲ್ಲಿ ಸೋಲುವುದು ಇದೇ ಕಾರಣಕ್ಕೆ.

ಎಂಜಿನ್‌ಗೆ ಯಾವುದು?

ಎಂಜಿನ್‌ಗೆಂದೇ ‘ಎಂಜಿನ್ ಎನಾಮಲ್’ ಎಂಬ ಬಣ್ಣ ಬರುತ್ತದೆ. ಇದರಲ್ಲಿ ಮಾಮೂಲಿ ಅಂಟಿನ ಜೊತೆ ಬಿಸಿ ತಾಳುವ ರೆಸಿನ್ ಬೆರೆಸಿರುತ್ತಾರೆ. ತಾಳುವ ಮಿತಿ 250–300 ಡಿಗ್ರಿಯ ಒಳಗೆ. ಕಡಿಮೆ ಬಿಸಿಯಲ್ಲೇ ಗಟ್ಟಿಯಾಗುತ್ತದೆ, ಪೆಟ್ರೋಲ್, ಆಯಿಲ್ ಎರಡನ್ನೂ ತಡೆದುಕೊಳ್ಳುತ್ತದೆ. ಉದಾಹರಣೆಗೆ ವಿಎಚ್‌ಟಿ ಕಂಪನಿಯ ಎಂಜಿನ್ ಎನಾಮಲ್‌ನ ಮಿತಿ 550 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 288 ಸೆಲ್ಸಿಯಸ್. ಅದನ್ನು ಬೇಯಿಸಲು 200 ಫ್ಯಾರನ್‌ಹೀಟ್, ಅಂದರೆ 93 ಸೆಲ್ಸಿಯಸ್‌ನಲ್ಲಿ 20 ನಿಮಿಷ ಸಾಕು. ಎಂಜಿನ್ ತಾನಾಗಿಯೇ ಅಷ್ಟು ಬಿಸಿಯಾಗುತ್ತದೆ. ಇದೇ ಕಂಪನಿಯ ಸೈಲೆನ್ಸರ್ ಬಣ್ಣ ಫ್ಲೇಮ್‌ಪ್ರೂಫ್‌ಗಾದರೆ 250, 400, 600 ಫ್ಯಾರನ್‌ಹೀಟ್ ಹೀಗೆ ಮೂರು ಹಂತದ ಬಿಸಿ ಕೊಡಬೇಕು. ಕೊನೆಯದು 315 ಸೆಲ್ಸಿಯಸ್. ಯಾವ ಎಂಜಿನ್ ಕವರೂ ಅಷ್ಟು ಬಿಸಿಯಾಗಬಾರದು, ಅಲ್ವಾ?

ಇಲ್ಲೇ ಇನ್ನೊಂದು ಎಚ್ಚರ. ನಮ್ಮಲ್ಲಿ ಸಿಗುವ ಹಲವು ಸ್ಪ್ರೇ ಡಬ್ಬಿಗಳ ಮುಂಭಾಗದಲ್ಲಿ ದೊಡ್ಡದಾಗಿ 1200 ಎಂದಿರುತ್ತದೆ. ಅದು ಫ್ಯಾರನ್‌ಹೀಟ್. ಸೆಲ್ಸಿಯಸ್‌ನಲ್ಲಿ 650. 500 ಅಂತ ಬರೆದದ್ದು ಫ್ಯಾರನ್‌ಹೀಟ್ ಆಗಿದ್ದರೆ ಬರೀ 260 ಆಯಿತು. ಅದನ್ನು ಬೆಂಡ್ ಪೈಪಿಗೆ ಹೊಡೆದರೆ ಒಂದೇ ಸವಾರಿಗೆ ಹಕ್ಕಳೆ ಏಳುತ್ತದೆ. ಅಂಕಿಯ ಪಕ್ಕದ ಅಕ್ಷರ ನೋಡಿ. ಹಾಗೆಯೇ ಆ ಅಂಕಿ ಸತತವಾಗಿ ತಾಳುವುದೋ, ಸ್ವಲ್ಪ ಹೊತ್ತು ಮಾತ್ರ ತಾಳುವುದೋ ಎಂದೂ ನೋಡಿ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಎರಡನ್ನೂ ಬೇರೆಬೇರೆ ಕೊಡುವ ತಯಾರಕರಿದ್ದಾರೆ. ನನಗೆ ಅಂಥವರ ಮೇಲೆ ನಂಬಿಕೆ ಜಾಸ್ತಿ. ಬೇಯಿಸುವ ವಿಧಾನವನ್ನೇ ಬರೆಯದ ಡಬ್ಬಿಯನ್ನು ನಾನಂತೂ ಕೊಳ್ಳುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯ ಅಲ್ಯುಮಿನಿಯಂ ಪೇಂಟ್ ಬಗ್ಗೆಯೂ ಒಂದು ಮಾತು. ಗೇಟಿಗೆ ಬಳಿಯುವ ಬೆಳ್ಳಿ ಬಣ್ಣವನ್ನೇ ಸೈಲೆನ್ಸರ್‌ಗೂ ಹಚ್ಚುವ ರೂಢಿ ಊರೂರಲ್ಲಿದೆ. ಅದರ ಅಂಟು ಮೊದಲ ವಾರವೇ ಸುಟ್ಟುಹೋಗುತ್ತದೆ. ಅಲ್ಯುಮಿನಿಯಂ ಚೂರುಗಳು ಸ್ವಲ್ಪ ದಿನ ಸುಮ್ನೆ ಕೂತಿರುತ್ತವೆ, ಹಾಗಾಗಿ ಬಣ್ಣ ಇದೆಯೆಂದೇ ಕಾಣುತ್ತದೆ. ಒಂದು ಮಳೆ ಬಂದರೆ ಕೆಳಗಿನ ತುಕ್ಕು ಎದ್ದುಬರುತ್ತದೆ. ಬಿಸಿ ತಾಳುವ ಅಲ್ಯುಮಿನಿಯಂ ಪೇಂಟ್ ಬೇರೆಯೇ ವಸ್ತು. ಕಾರ್ಖಾನೆಗಳ ಬಾಯ್ಲರ್, ಚಿಮಣಿಗಳಿಗೆ ಬಳಿಯುವುದು ಅದನ್ನೇ. ಅದಕ್ಕೆ ಐಎಸ್ 13183 ಎಂಬ ಭಾರತೀಯ ಮಾನದಂಡವೂ ಇದೆ, ತಾಳುವ ಬಿಸಿಗೆ ತಕ್ಕಂತೆ ದರ್ಜೆಗಳೂ ಇವೆ. ದೊಡ್ಡ ಪೇಂಟ್ ಡೀಲರುಗಳಲ್ಲಿ ದರ್ಜೆ ಹೇಳಿ ಕೇಳಿದರೆ ಕೊಡುತ್ತಾರೆ. ಬ್ರಶ್‌ನಲ್ಲಿ ಬಳಿಯಲು ಅಡ್ಡಿಯಿಲ್ಲದವರಿಗೆ, ನನ್ನ ಪ್ರಕಾರ, ಸೈಲೆನ್ಸರ್‌ಗೆ ಇದೇ ಕಡಿಮೆ ಖರ್ಚಿನ ಒಳ್ಳೆಯ ಆಯ್ಕೆ.

ಕಪ್ಪು, ಬೆಳ್ಳಿ, ಮತ್ತೆ ಉಳಿದವು

ಅಂಟು ತಾಳಿದರೆ ಸಾಲದು, ಪುಡಿಯೂ ತಾಳಬೇಕು. ಸೈಲೆನ್ಸರ್ ಬಣ್ಣಗಳಲ್ಲಿ ಹೆಚ್ಚು ಕಾಣುವುದು ಕಪ್ಪು ಮತ್ತು ಬೆಳ್ಳಿ. ಇದಕ್ಕೆ ಕಾರಣ ಪುಡಿಯಲ್ಲೇ ಇದೆ. ಮಾಮೂಲಿ ಕಪ್ಪು ಬಣ್ಣದ ಪುಡಿ ಎಂದರೆ ಮಸಿ, ಅಂದರೆ ಇಂಗಾಲ. 300 ಡಿಗ್ರಿ ದಾಟಿದ ಮೇಲೆ ಅದು ನಿಧಾನಕ್ಕೆ ಸುಡುತ್ತಾ ಬೂದು ಬಣ್ಣಕ್ಕೆ ತಿರುಗುತ್ತದೆ. ಒಳ್ಳೆಯ ಸೈಲೆನ್ಸರ್ ಕಪ್ಪಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಕ್ರೋಮಿಯಂನಂಥ ಲೋಹಗಳ ಆಕ್ಸೈಡ್ ಪುಡಿ ಇರುತ್ತದೆ. ಅವು ಮೊದಲೇ ಕುಲುಮೆಯಲ್ಲಿ ಸುಟ್ಟು ತಯಾರಾದವು. ಬೆಳ್ಳಿ ಬಣ್ಣದಲ್ಲಿರುವುದು ಅಲ್ಯುಮಿನಿಯಂ ಚಕ್ಕೆಗಳು. ಅವು ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಅಡ್ಡಡ್ಡ ಮಲಗಿ, ನೀರು ಮತ್ತು ಗಾಳಿ ಕಬ್ಬಿಣ ತಲುಪದಂತೆ ದಾರಿ ಮುಚ್ಚುತ್ತವೆ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ. ಹಾಗಾಗಿ ಬೈಕಿನ ಪೈಪಿಗೆ ಅದು ಸಾಕಾಗುತ್ತದೆ.

ಕೆಂಪು, ನೀಲಿ, ಹಳದಿ ಬೇಕು ಅನ್ನುವವರು ಪೈಪಿನ ವಿಷಯದಲ್ಲಿ ಆಸೆ ಬಿಡುವುದೇ ಲೇಸು. ಹೊಳಪಿನ ಕೆಂಪು, ಹಳದಿ ಪುಡಿಗಳಲ್ಲಿ ಬಹುಪಾಲು ಇಂಗಾಲದ ಸಂಯುಕ್ತಗಳು, ಬಿಸಿಗೆ ನಿಲ್ಲುವುದಿಲ್ಲ. ಕಬ್ಬಿಣದ ಆಕ್ಸೈಡಿನ ಹಳದಿ ಪುಡಿಯಂತೂ 180–200 ಡಿಗ್ರಿಯಲ್ಲಿ ತನ್ನೊಳಗಿನ ನೀರು ಕಳೆದುಕೊಂಡು ಕೆಂಪಾಗಿಬಿಡುತ್ತದೆ. ಬಿಳಿ ಪುಡಿ ಏನೋ ತಾಳುತ್ತದೆ, ಆದರೆ ಹೊಗೆ ಮತ್ತು ರಸ್ತೆಯ ಕೊಳೆ ಅದರ ಮೇಲೆ ಸುಟ್ಟು ಕಂದಾಗುತ್ತದೆ. ಎಂಜಿನ್ ಮೇಲೆ ಬಣ್ಣಗಳ ಆಯ್ಕೆ ಹೆಚ್ಚಿದೆ. ಅಲ್ಲಿ ನಿಮ್ಮಿಷ್ಟ.

ಕಪ್ಪು ಬಳಿದರೆ ಎಂಜಿನ್ ಬೇಗ ಬಿಸಿಯಾಗುತ್ತಾ? ಈ ಪ್ರಶ್ನೆ ತುಂಬಾ ಜನರಿಗಿದೆ. ಇಲ್ಲ. ಬಿಸಿಲಿನಲ್ಲಿ ನಿಂತ ಬೈಕು ಕಪ್ಪಾದರೆ ಸ್ವಲ್ಪ ಹೆಚ್ಚು ಕಾಯುವುದು ನಿಜ. ಆದರೆ ಓಡುವ ಎಂಜಿನ್ ಬಿಸಿಯಾಗುವುದು ಒಳಗಿನಿಂದ. ಕಪ್ಪು ಮೈ ಬಿಸಿಯನ್ನು ಹೊರಗೆ ಬಿಡುವುದರಲ್ಲೂ ಮುಂದು. ಪಾಲಿಶ್ ಮಾಡಿದ ಅಲ್ಯುಮಿನಿಯಂ ಬಿಡುವುದರ ಹತ್ತು ಪಟ್ಟಿನಷ್ಟು ಅದು ಬಿಡಬಲ್ಲದು. ಆದರೆ ಎಂಜಿನ್ ಮೇಲಿನ ತೆಳು ರೆಕ್ಕೆಗಳಾದ ಫಿನ್‌ಗಳು ಒಂದಕ್ಕೊಂದು ಎದುರುಬದುರು ಇರುವುದರಿಂದ ಅದರಲ್ಲಿ ಹೆಚ್ಚಿನದು ಪಕ್ಕದ ಫಿನ್‌ಗೇ ಹೋಗುತ್ತದೆ. ಕೊನೆಗೆ ಎಂಜಿನ್ ತಣಿಸುವುದು ಗಾಳಿ. ನಾವು ನೋಡಬೇಕಾದ್ದು ಬಣ್ಣದ ದಪ್ಪವನ್ನು. 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಪದರದಿಂದ ಫಿನ್‌ನ ಬಿಸಿಗೆ ಬರುವ ವ್ಯತ್ಯಾಸ ಲೆಕ್ಕ ಹಾಕಿದರೆ ಒಂದೆರಡು ಡಿಗ್ರಿ. ಅದೇ ಜಾಗದಲ್ಲಿ ಒಂದು ಮಿಲಿಮೀಟರ್ ಪುಟ್ಟಿ, ಹಳೆಯ ಬಣ್ಣ, ಎಣ್ಣೆ ಹಿಡಿದ ಮಣ್ಣು ಕೂತಿದ್ದರೆ ಇಪ್ಪತ್ತು ಡಿಗ್ರಿಗೂ ಮೇಲೆ. ಅಂದರೆ ಬಣ್ಣ ಯಾವುದೇ ಇರಲಿ, ಫಿನ್‌ಗಳ ನಡುವೆ ಮಣ್ಣು ಇರಬಾರದು.

ಬಣ್ಣಕ್ಕಿಂತ ಮೊದಲ ಕೆಲಸ

ಹಕ್ಕಳೆ ಎದ್ದ ಸೈಲೆನ್ಸರ್‌ಗಳಲ್ಲಿ ಹೆಚ್ಚಿನವುಗಳ ತಪ್ಪು ಡಬ್ಬಿಯಲ್ಲಿ ಇರುವುದಿಲ್ಲ, ಕೆಳಗಿನ ಲೋಹದಲ್ಲಿ ಇರುತ್ತದೆ. ಉಕ್ಕು ಬಿಸಿಯಾದಾಗ ಹಿಗ್ಗುತ್ತದೆ. 60 ಸೆಂಟಿಮೀಟರ್ ಉದ್ದದ ಪೈಪು 500 ಡಿಗ್ರಿ ಏರಿದರೆ ಮೂರೂವರೆ ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ತಣ್ಣಗಾದಾಗ ಮತ್ತೆ ಕುಗ್ಗುತ್ತದೆ. ಪ್ರತಿ ಸವಾರಿಗೂ ಇದು ನಡೆಯುತ್ತದೆ. ಬಣ್ಣ ಅದರ ಜೊತೆಗೇ ಎಳೆದಾಡಿಸಿಕೊಳ್ಳಬೇಕು. ಹಿಡಿತ ಇಲ್ಲದ ಕಡೆ ಅದು ಸಿಪ್ಪೆಯಾಗಿ ಬಿಡುತ್ತದೆ.

ಹಿಡಿತ ಸಿಗುವುದು ಒರಟು ಲೋಹದಿಂದ. ಉಕ್ಕಿನ ಪೈಪನ್ನು 80 ಅಥವಾ 120 ನಂಬರಿನ ಉಪ್ಪುಕಾಗದದಿಂದ ಬರಿಯ ಲೋಹ ಕಾಣುವವರೆಗೆ ಉಜ್ಜಬೇಕು. ಬ್ಲಾಸ್ಟಿಂಗ್, ಅಂದರೆ ಮರಳಿನಂಥ ಕಣಗಳನ್ನು ಜೋರಾಗಿ ಊದಿಸಿ ಉಜ್ಜಿಸುವುದನ್ನು, ಮಾಡಿಸಿದರೆ ಇನ್ನೂ ಒಳ್ಳೆಯದು. ಎಂಜಿನ್ ಭಾಗಗಳಿಗೆ ಬ್ಲಾಸ್ಟಿಂಗ್ ಮಾಡಿಸುವಾಗ ಮಾತ್ರ ಎಂಜಿನ್ ಪೂರಾ ಬಿಚ್ಚಿರಬೇಕು. ಆಮೇಲೆ ಆಯಿಲ್ ಹರಿಯುವ ರಂಧ್ರಗಳನ್ನೆಲ್ಲ ನೀರು, ಗಾಳಿ ಹಾಯಿಸಿ ತೊಳೆಯಬೇಕು. ಒಂದು ಚಿಟಿಕೆ ಮರಳು ಒಳಗೆ ಉಳಿದರೂ ಬೇರಿಂಗ್, ಸಿಲಿಂಡರ್ ಎರಡಕ್ಕೂ ಗಂಡಾಂತರ.

ಅಲ್ಯುಮಿನಿಯಂ ಭಾಗಗಳಿಗೆ 220ರ ಸುಮಾರಿನ ನುಣುಪು ಕಾಗದ ಸಾಕು. ಅದರ ಮೇಲಿನ ಬಿಳಿ ಹುಡಿ ಪೂರಾ ಹೋಗಬೇಕು. ಹಳೆಯ ಬುಲೆಟ್‌ನ ಎರಕದ ಕಬ್ಬಿಣದ ಬ್ಯಾರಲ್‌ಗೆ (ಸಿಲಿಂಡರ್‌ಗೆ) ಬೇರೆಯದೇ ತೊಂದರೆ. ಅದರ ಸಣ್ಣ ರಂಧ್ರಗಳಲ್ಲಿ ದಶಕಗಳ ಆಯಿಲ್ ಸೇರಿರುತ್ತದೆ. ಹೊರಗೆ ಒರೆಸಿ ಬಣ್ಣ ಹೊಡೆದರೆ, ಬಿಸಿಯಾದಾಗ ಆಯಿಲ್ ಒಳಗಿನಿಂದ ಉಕ್ಕಿ ಗುಳ್ಳೆ ಎಬ್ಬಿಸುತ್ತದೆ. ಅದನ್ನು ಒಮ್ಮೆ ಚೆನ್ನಾಗಿ ಕಾಯಿಸಿ, ಬೆವರಿದ ಆಯಿಲ್ ಒರೆಸಿ, ಮತ್ತೆ ತೊಳೆದು ಆಮೇಲೆ ಬಳಿಯಬೇಕು.

ಗ್ಯಾರೇಜುಗಳಲ್ಲಿ ಟೂ ಸ್ಟ್ರೋಕ್ ಸೈಲೆನ್ಸರ್‌ನ ಮಸಿ ತೆಗೆಯಲು ಕಾಸ್ಟಿಕ್ ಸೋಡಾ ಬಳಸುತ್ತಾರೆ. ಉಕ್ಕಿಗೆ ಅದರಿಂದ ತೊಂದರೆಯಿಲ್ಲ. ಅದೇ ನೀರಿಗೆ ಅಲ್ಯುಮಿನಿಯಂ ಹೆಡ್ ಅಥವಾ ಕವರ್ ಅದ್ದಿದರೆ ಲೋಹವೇ ಕರಗಲು ಶುರುವಾಗುತ್ತದೆ, ಜೊತೆಗೆ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬರುತ್ತದೆ. ದಯವಿಟ್ಟು ಬೇಡ. ಇನ್ನೊಂದು ಅಪಾಯ ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳದ್ದು. ಅದರಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇದ್ದು, ಅದರಿಂದ ಒರೆಸಿದ ಪೈಪನ್ನು ಪೂರ್ತಿ ಒಣಗುವ ಮೊದಲೇ ಕಾಯಿಸಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಒರೆಸಲು ಅಸಿಟೋನ್ ಅಥವಾ ಒಳ್ಳೆಯ ತಿನ್ನರ್ ಸಾಕು. ಬಿಳಿ ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೂ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡಿನ ಗುರುತು ಬಣ್ಣದ ಕೆಳಗೆ ಉಳಿದುಬಿಡುತ್ತದೆ.

ಪ್ರೈಮರ್ ಹಾಕಬೇಕಾ? ಪೈಪಿಗಾದರೆ ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಬೇಡವೇ ಬೇಡ. ಅದರ ಅಂಟು ಮೊದಲು ಸುಟ್ಟು, ಮೇಲಿನ ದುಬಾರಿ ಬಣ್ಣವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ತುಕ್ಕನ್ನು ಕಪ್ಪಾಗಿಸುವ ರಸಾಯನಗಳಲ್ಲಿ, ಪುಟ್ಟಿಯಲ್ಲಿ ಇದೇ ಸಮಸ್ಯೆ. ಸೈಲೆನ್ಸರ್ ಬಣ್ಣಗಳಲ್ಲಿ ಹೆಚ್ಚಿನವು ಬರಿಯ ಲೋಹದ ಮೇಲೇ ಬಳಿಯಲು ತಯಾರಾದವು. ಪ್ರೈಮರ್ ಬೇಕೆಂದರೆ ಅದೇ ಕಂಪನಿ ಅದೇ ಬಣ್ಣಕ್ಕೆಂದು ಹೇಳಿದ್ದನ್ನು ಮಾತ್ರ ಬಳಸಿ.

ಕ್ರೋಮ್ ಪೈಪಿನ ಮಾತು ಪ್ರತ್ಯೇಕವಾಗಿ ಹೇಳಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಬಹುಪಾಲಿನವಕ್ಕೆ ಒಂದೇ ಸಿಲಿಂಡರ್‌ಗೆ ಎರಡು ಪೈಪು, ಎರಡಕ್ಕೂ ಕ್ರೋಮ್. ಇಂದಿಗೂ ಅವನ್ನು ಜತನದಿಂದ ಇಟ್ಟುಕೊಂಡವರು ಬೆಂಗಳೂರು, ಮೈಸೂರಿನಲ್ಲಿ ಬಹಳ ಮಂದಿ ಇದ್ದಾರೆ. ಕ್ರೋಮ್ ಪದರದ ದಪ್ಪ ಒಂದು ಮೈಕ್ರಾನಿಗೂ ಕಡಿಮೆ, ಅದರ ಕೆಳಗೆ ನಿಕ್ಕಲ್. ಈ ನುಣುಪಿನ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಸುಮ್ನೆ ಉಜ್ಜಿ ಬಳಿದರೆ ಕೆಲವೇ ತಿಂಗಳಿಗೆ ಹಾಳೆಹಾಳೆಯಾಗಿ ಏಳುತ್ತದೆ. ಬಳಿಯಲೇಬೇಕಾದರೆ ಪ್ಲೇಟಿಂಗ್ ಅಂಗಡಿಯಲ್ಲಿ ಕ್ರೋಮ್ ಇಳಿಸಿಕೊಂಡು ಬರಬೇಕು. ಹಳೆಯ ಯೆಜ್ಡಿಗಾದರೆ ಅಷ್ಟು ಖರ್ಚಿನ ಜೊತೆ ಇನ್ನಷ್ಟು ಸೇರಿಸಿ ಹೊಸ ಕ್ರೋಮ್ ಹಾಕಿಸುವುದೇ ಸರಿ ಎಂದು ನನಗನ್ನಿಸುತ್ತದೆ. ಆ ಬೈಕಿಗೆ ಕಪ್ಪು ಪೈಪು ಒಪ್ಪುವುದಿಲ್ಲ.

ಬಳಿಯುವುದು, ಬೇಯಿಸುವುದು

ಉಜ್ಜಿದ ದಿನವೇ ಬಣ್ಣ ಬೀಳಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಬರಿಯ ಉಕ್ಕು ಸಂಜೆಯೊಳಗೆ ಕೆಂಪಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಗಾಳಿಯ ತೇವ ಲೋಹದ ಮೇಲೆ ಕೂತು ಬಣ್ಣದ ಕೆಳಗೆ ಸೇರಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲಿನ ಒಣ ಹವೆ ಹೇಳಿ ಮಾಡಿಸಿದ್ದು.

ಗ್ಯಾಸ್ಕೆಟ್ ಕೂರುವ ಜಾಗ, ಸ್ಪಾರ್ಕ್ ಪ್ಲಗ್ಗಿನ ಬುಡ, ಬೋಲ್ಟ್ ಮರೆಗಳು (ಥ್ರೆಡ್), ಎಂಜಿನ್‌ಗೆ ಅರ್ತ್ ವೈರ್ ತಾಗುವ ಬಿಂದು, ಇವಕ್ಕೆ ಬಣ್ಣ ತಾಗದಂತೆ ಟೇಪ್ ಹಾಕಿ. ಬಿಎಸ್6 ಬೈಕಿನ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ ಅದನ್ನು ಬಿಚ್ಚಿಟ್ಟು ಬಳಿಯಿರಿ. ಸಿಲಿಕೋನ್ ಆವಿ ಅದಕ್ಕೆ ಆಗಿಬರುವುದಿಲ್ಲ. ಸೈಲೆನ್ಸರ್ ಅಡಿಯಲ್ಲಿ ನೀರು ಸೋರಲು ಸಣ್ಣ ತೂತು ಇರುತ್ತದೆ. ಅದು ಮುಚ್ಚಿಹೋಗಬಾರದು.

ಡಬ್ಬಿಯನ್ನು ಒಂದಡಿ ದೂರ ಹಿಡಿದು, ಕೈ ನಿಲ್ಲಿಸದೆ ತೆಳ್ಳಗೆ ಬೀಸಬೇಕು. ಮೊದಲ ಸಲ ಲೋಹ ಪೂರ್ತಿ ಮುಚ್ಚದಿದ್ದರೂ ಚಿಂತೆಯಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು. ಎಲ್ಲ ಸೇರಿ 50 ಮೈಕ್ರಾನ್ ಆದರೆ ಸಾಕು. ಇಲ್ಲಿ ದಪ್ಪ ಬಣ್ಣ ಅಂದರೆ ಗಟ್ಟಿ ಬಣ್ಣ ಅಲ್ಲ. ದಪ್ಪ ಪದರದ ಮೇಲ್ಮೈ ಮೊದಲು ಒಣಗಿ, ಒಳಗಿನ ತಿನ್ನರ್ ಸಿಕ್ಕಿಹಾಕಿಕೊಳ್ಳುತ್ತದೆ. ಬಿಸಿ ತಾಗಿದಾಗ ಅದು ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ.

ಬೇಯಿಸುವ ಕೆಲಸಕ್ಕೆ ಡಬ್ಬಿಯ ಮೇಲಿನ ಕ್ರಮವೇ ಮೊದಲ ಮಾತು. ಅದರ ಹಿಂದಿರುವ ತತ್ವ ಇಷ್ಟು: ಸ್ವಲ್ಪ ಬಿಸಿ, ಪೂರ್ತಿ ತಣಿಯಲು ಬಿಡುವುದು, ಇನ್ನಷ್ಟು ಬಿಸಿ, ಮತ್ತೆ ತಣಿಸುವುದು, ಕೊನೆಗೆ ಅದಕ್ಕೂ ಹೆಚ್ಚು ಬಿಸಿ. ಮೊದಲ ಹಂತದಲ್ಲಿ ಉಳಿದ ತಿನ್ನರ್ ಹೋಗುತ್ತದೆ, ಎರಡನೆಯದರಲ್ಲಿ ರೆಸಿನ್ ಬೆಸೆದುಕೊಳ್ಳುತ್ತದೆ, ಮೂರನೆಯದರಲ್ಲಿ ಗಡುಸಾಗುತ್ತದೆ. ಬಿಚ್ಚಿದ ಭಾಗಗಳನ್ನು ಪೀಣ್ಯದಂಥ ಕೈಗಾರಿಕಾ ಪ್ರದೇಶದ, ಪುಡಿ ಬಣ್ಣ ಹಚ್ಚಿ ಬೇಯಿಸುವ ಪೌಡರ್ ಕೋಟಿಂಗ್ ಅಂಗಡಿಗೆ ಒಯ್ದು ಕೇಳಿದರೆ ಅವರ ಓವನ್‌ನಲ್ಲಿಟ್ಟು ಕೊಡುವವರು ಸಿಗಬಹುದು. ಅವರ ಓವನ್ ಸಾಮಾನ್ಯವಾಗಿ 180–200 ಡಿಗ್ರಿಗೆ ಓಡುತ್ತದೆ. ಆಯಿಲ್ ಸೀಲ್, ರಬ್ಬರ್ ಎಲ್ಲ ಮೊದಲು ತೆಗೆದಿರಬೇಕು. ಅಡುಗೆಮನೆಯ ಓವನ್ ಖಂಡಿತ ಬೇಡ. ಬಣ್ಣ ಬೇಯುವಾಗ ಬರುವ ಹೊಗೆ ಉಸಿರಿಗೆ ಒಳ್ಳೆಯದಲ್ಲ, ಊಟದ ಪಾತ್ರೆಗೂ ಒಳ್ಳೆಯದಲ್ಲ.

ಓವನ್ ಇಲ್ಲದಿದ್ದರೆ ಎಂಜಿನ್ನೇ ಒಲೆ. ಒಂದು ದಿನ ಪೂರ್ತಿ ಒಣಗಿದ ಮೇಲೆ ಬಯಲಿನಲ್ಲಿ ಬೈಕ್ ನಿಲ್ಲಿಸಿ, ಐದು ನಿಮಿಷ ಐಡಲ್‌ನಲ್ಲಿ ಓಡಿಸಿ, ಆರಿಸಿ, ಮುಟ್ಟುವಷ್ಟು ತಣ್ಣಗಾಗಲು ಬಿಡಿ. ಆಮೇಲೆ ಹತ್ತು ನಿಮಿಷ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಬಾರದು, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ನಿಂತಲ್ಲೇ ಬಹಳ ಹೊತ್ತು ಓಡಿಸಲೂ ಬಾರದು, ಗಾಳಿ ತಾಗದೆ ಎಂಜಿನ್ ಕಾದುಹೋಗುತ್ತದೆ. ಐಡಲ್‌ನಲ್ಲಿ ಬೆಂಡ್ ಪೈಪು ಬೇಯುತ್ತದೆ, ಸೈಲೆನ್ಸರ್‌ನ ಹಿಂಭಾಗ ಬೇಯುವುದಿಲ್ಲ. ಅದಕ್ಕೆ ಅರ್ಧ ಗಂಟೆಯ ಸವಾರಿಯೇ ಬೇಕು. ಮೊದಲ ಸಲ ಸ್ವಲ್ಪ ಹೊಗೆ, ಸುಟ್ಟ ವಾಸನೆ ಬಂದೇ ಬರುತ್ತದೆ, ಹೆದರಬೇಕಿಲ್ಲ. ಈ ಕೆಲಸ ಮುಗಿಯುವವರೆಗೆ ಪೈಪಿಗೆ ಪೆಟ್ರೋಲ್ ತಾಗದಿರಲಿ, ಮಳೆಯಲ್ಲಿ ಹೋಗುವುದೂ ಬೇಡ.

ಇದಕ್ಕಿಂತ ಮೇಲಿನ ದರ್ಜೆ ಬೇಕೆನ್ನುವವರಿಗೆ ಸೆರಾಮಿಕ್ ಕೋಟಿಂಗ್ ಇದೆ. ಸೆರಾಕೋಟ್‌ನಂಥ ಕಂಪನಿಗಳು ಸೈಲೆನ್ಸರ್‌ಗೆಂದೇ ಮಾಡುವ ಬಗೆ 900 ಡಿಗ್ರಿಗೂ ಮೇಲೆ ತಾಳುತ್ತದೆ. ಬ್ಲಾಸ್ಟಿಂಗ್‌ನಿಂದ ಹಿಡಿದು ಬಳಿಯುವವರೆಗೆ ಎಲ್ಲವನ್ನೂ ತರಬೇತಾದವರೇ ಮಾಡಬೇಕು, ಖರ್ಚೂ ಹಾಗೆಯೇ. ಸ್ಪ್ರೇ ಡಬ್ಬಿಯ ಮೇಲೆ ಸೆರಾಮಿಕ್ ಎಂದಿದ್ದರೆ ಅದು ಇದೇ ಅಲ್ಲ. ಸಿಲಿಕೋನ್ ಬಣ್ಣಕ್ಕೆ ಸೆರಾಮಿಕ್ ಪುಡಿ ಸೇರಿಸಿದ್ದು. ಮಾಮೂಲಿ ಪೌಡರ್ ಕೋಟಿಂಗ್ ಕ್ರ್ಯಾಂಕ್‌ಕೇಸ್ ಕವರುಗಳಿಗೆ ಚೆನ್ನ. ಪೈಪಿಗೆ ಹಾಕಿಸಿದರೆ ಕರಟಿಹೋಗುತ್ತದೆ.

ಪೈಪಿಗೆ ಸುತ್ತುವ ಬಟ್ಟೆಯಂಥ ಪಟ್ಟಿ ಈಗ ಫ್ಯಾಶನ್. ನಮ್ಮ ಮಳೆಗೆ ಅದು ಹೊಂದುವುದಿಲ್ಲ. ನೆನೆದ ಪಟ್ಟಿ ಪೈಪಿಗೆ ತೇವ ಹಿಡಿದಿಡುತ್ತದೆ. ಒಳಗೊಳಗೇ ತುಕ್ಕು ತಿನ್ನುವುದು ಕಣ್ಣಿಗೆ ಬೀಳುವುದೂ ಇಲ್ಲ.

ಡಬ್ಬಿ ಕೊಳ್ಳುವ ಮೊದಲು ಸೈಲೆನ್ಸರ್ ಒಳಗೆ ಏನಾಗಿದೆ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರದ ಸವಾರಿಯಲ್ಲಿ ಅದೆಲ್ಲ ಆವಿಯಾಗಿ ಹೋಗುತ್ತದೆ. ಮನೆಯಿಂದ ಎರಡು ಕಿಲೋಮೀಟರ್ ದೂರದ ಆಫೀಸಿಗೆ ಓಡುವ ಬೈಕಿನಲ್ಲಿ ಸೈಲೆನ್ಸರ್ ಬಿಸಿಯಾಗುವಷ್ಟರಲ್ಲಿ ಎಂಜಿನ್ ಆರಿಸಿ ಆಗಿರುತ್ತದೆ, ನೀರು ಒಳಗೇ ನಿಲ್ಲುತ್ತದೆ. ಅಂಥ ಸೈಲೆನ್ಸರ್ ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತದೆ. ಅದರ ಅಡಿಯ ಬೆಸುಗೆಯ ಗೆರೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಲೋಹ ಇದೆ, ಉಜ್ಜಲು ಶುರು ಮಾಡಿ. ಮೆತ್ತಗೆ ತಗ್ಗಿದರೆ ಬಣ್ಣದ ಹಣ ಉಳಿಸಿ ಹೊಸ ಸೈಲೆನ್ಸರ್‌ಗೆ ಸೇರಿಸಿ.